ಕಾಲೇಜು ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ, ಡಿಗ್ರಿ, ಇಂಜಿನಿಯರಿಂಗ್, ನರ್ಸಿಂಗ್, ಮೆಡಿಕಲ್ ಓದುತ್ತಿರುವವರು ಕೌನ್ಸೆಲಿಂಗ್ ಬಗ್ಗೆ, ಅಂದರೆ ಮನಸ್ಸಿನ ಕಷ್ಟವನ್ನು ತರಬೇತಿ ಪಡೆದವರ ಜೊತೆ ಮಾತಾಡಿಕೊಳ್ಳುವುದರ ಬಗ್ಗೆ, ಕೌನ್ಸೆಲರ್‌ಗಳಾದ ನಮ್ಮನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವನ್ನು ಬಾಗಿಲಲ್ಲಿ ನಿಂತೇ ಕೇಳುತ್ತಾರೆ, ಕೆಲವನ್ನು ಗೆಳೆಯರ ಕೈಲಿ ಕೇಳಿಸುತ್ತಾರೆ. ಅಪ್ಪ ಅಮ್ಮಂದಿರು ಕೇಳುವಂಥವೂ ಇವೆ. ಕರ್ನಾಟಕದ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇವೆ.

ಈ ಹೊತ್ತಿನಲ್ಲೇ ತಡೆದುಕೊಳ್ಳಲು ಆಗುತ್ತಿಲ್ಲ ಅನ್ನಿಸುತ್ತಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 112 ಅಥವಾ 108.

ನಂದೇನೂ ದೊಡ್ಡ ಕಷ್ಟ ಅಲ್ಲ. ಇಷ್ಟಕ್ಕೆಲ್ಲ ಕೌನ್ಸೆಲಿಂಗ್ ಬೇಕಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಬೇಕಾ ಬೇಡವಾ ಅಂತ ತಿಳಿದುಕೊಳ್ಳುವುದಕ್ಕೂ ಒಂದು ಸಲ ಬಂದು ಮಾತಾಡಬಹುದು. ಹಾಸ್ಟೆಲ್ ಒಗ್ಗುತ್ತಿಲ್ಲ. ರೂಮ್‌ಮೇಟ್ ಜೊತೆ ಮಾತು ಬಿಟ್ಟು ಹೋಗಿದೆ. ಊರಲ್ಲಿ ಸಾಲ, ಅದರ ಜಗಳ ಫೋನಿನಲ್ಲಿ ದಿನಾ ಕೇಳಿಸುತ್ತದೆ. ಪ್ರೀತಿಸಿದವರು ದೂರವಾದರು. ಅಪ್ಪ ಹೇಳಿದರು ಅಂತ ಕೋರ್ಸ್ ಸೇರಿದ್ದು, ಈಗ ಒಂದಕ್ಷರ ತಲೆಗೆ ಹತ್ತುತ್ತಿಲ್ಲ. ಸೆಮಿನಾರ್ ಕೊಡಲು ನಿಂತರೆ ಕೈಕಾಲು ನಡುಗುತ್ತದೆ. ನಮ್ಮ ಹತ್ತಿರ ಬರುವ ಹೆಚ್ಚಿನವರು ಇಂಥ ವಿಷಯಕ್ಕೇ ಬರುವುದು. ಕಾಯಿಲೆ ಇರಲೇಬೇಕು ಅಂತ ಎಲ್ಲೂ ಇಲ್ಲ.

ಆದರೂ ಒಂದು ಗುರುತು ಇಟ್ಟುಕೊಳ್ಳಿ. ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಅದು ದಿನದ ಹೆಚ್ಚು ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ ಬಿಡದೆ ಇದ್ದರೆ ಸುಮ್ನೆ ಬಿಡಬಾರದು. ಮೊದಲು ಖುಷಿ ಕೊಡುತ್ತಿದ್ದ ಕ್ರಿಕೆಟ್, ಹಾಡು, ಕ್ಯಾಂಟೀನ್ ಹರಟೆ ಯಾವುದೂ ಬೇಡ ಅನ್ನಿಸುವುದು, ನಿದ್ದೆ ಕೆಡುವುದು, ಊಟ ಸೇರದಿರುವುದು ಅಥವಾ ಅತಿಯಾಗುವುದು, ನಾನು ಯಾವುದಕ್ಕೂ ಬಾರದವನು ಅನ್ನುವ ಯೋಚನೆ, ಓದಿದ ಪುಟವನ್ನೇ ಮತ್ತೆ ಮತ್ತೆ ಓದುವುದು. ಡಾಕ್ಟರುಗಳು ಖಿನ್ನತೆ ಇದೆಯಾ ಅಂತ ನೋಡುವಾಗ ಗಮನಿಸುವುದು ಇವನ್ನೇ.

"ನನಗಿಂತ ಕಷ್ಟದಲ್ಲಿರುವವರು ಎಷ್ಟು ಜನ ಇಲ್ಲ" ಅನ್ನುವ ಮಾತನ್ನು ಬಂದವರೆಲ್ಲ ಹೇಳುತ್ತಾರೆ. ಇದ್ದಾರೆ, ನಿಜ. ಅವರೂ ಬರಲಿ, ನೀವೂ ಬನ್ನಿ. ನೀವು ಬಂದರೆ ಅವರ ಜಾಗವೇನೂ ಹೋಗುವುದಿಲ್ಲ.

ಎದೆ ಹಿಡಿದ ಹಾಗಾಗುತ್ತೆ, ಉಸಿರು ಸಿಗಲ್ಲ. ಇಸಿಜಿ ಮಾಡಿಸಿದೆ, ನಾರ್ಮಲ್ ಅಂದ್ರು. ಇದು ಮನಸ್ಸಿಗೆ ಸಂಬಂಧಪಟ್ಟಿದ್ದಾ?

ಇರಬಹುದು. ಮೊದಲು ಡಾಕ್ಟರಿಗೆ ತೋರಿಸಿದ್ದು ಸರಿಯಾದ ಕೆಲಸ. ಥೈರಾಯ್ಡ್ ಏರುಪೇರು, ರಕ್ತ ಕಡಿಮೆ ಇರುವುದು, ಬಿ12 ಕೊರತೆ ಇದ್ದರೂ ಸುಸ್ತು, ಎದೆ ಬಡಿತ, ಬೇಜಾರು ಬರುತ್ತದೆ. ಅವೆಲ್ಲ ಇಲ್ಲ ಅಂತ ಆದ ಮೇಲೆ ಉಳಿಯುವ ಒಂದು ಸಾಧ್ಯತೆ ಪ್ಯಾನಿಕ್ ಅಟ್ಯಾಕ್. ಇದ್ದಕ್ಕಿದ್ದ ಹಾಗೆ ಶುರುವಾಗಿ, ಹತ್ತು ನಿಮಿಷದೊಳಗೆ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ಇಳಿಯುವವರೆಗೆ "ನಾನು ಸತ್ತೇ ಹೋಗ್ತೀನಿ" ಅನ್ನುವಷ್ಟು ಭಯ. ಅನುಭವಿಸಿದವರಿಗೇ ಗೊತ್ತು. ಆದರೆ ಪ್ಯಾನಿಕ್ ಅಟ್ಯಾಕ್‌ನಿಂದ ಹೃದಯ ನಿಲ್ಲುವುದಿಲ್ಲ. ಕೌನ್ಸೆಲಿಂಗ್‌ನಲ್ಲಿ ತುಂಬಾ ಚೆನ್ನಾಗಿ ಹತೋಟಿಗೆ ಬರುವ ತೊಂದರೆಗಳಲ್ಲಿ ಇದೂ ಒಂದು.

ಅದು ಬಂದಾಗ ಉಸಿರನ್ನು ಜೋರಾಗಿ ಎಳೆದುಕೊಳ್ಳಲು ಹೋಗಬೇಡಿ. ಬಿಡುವ ಉಸಿರನ್ನು ಉದ್ದ ಮಾಡಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಕಾಲು ನೆಲಕ್ಕೆ ಊರಿ ಕೂತುಕೊಳ್ಳಿ.

ಮೊದಲ ದಿನ ಒಳಗೆ ಏನು ನಡೆಯುತ್ತೆ?

ಕೋಣೆಯಲ್ಲಿ ಎರಡು ಕುರ್ಚಿ ಇರುತ್ತವೆ, ಎದುರುಬದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಸುಮ್ಮನೆ ಕೂತಾಗಲೂ ಒಬ್ಬರ ಮುಖ ಒಬ್ಬರು ನೋಡಲೇಬೇಕು ಅಂತ ಆಗಬಾರದಲ್ಲ, ಅದಕ್ಕೆ. ಕುಡಿಯಲು ನೀರು, ಒಂದು ಡಬ್ಬಿ ಟಿಶ್ಯೂ. ಹೆಸರು, ಕೋರ್ಸ್, ವಯಸ್ಸು, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಒಂದು ಚಿಕ್ಕ ಫಾರ್ಮ್ ತುಂಬಬೇಕು. ಆಮೇಲೆ ನಿಮ್ಮ ಮಾತು ಎಲ್ಲಿಯವರೆಗೆ ಗುಟ್ಟಾಗಿರುತ್ತದೆ ಅನ್ನುವುದನ್ನು ಕೌನ್ಸೆಲರ್ ಮೊದಲೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ನಂತರ "ಹೇಳಿ, ಏನು ಕರ್ಕೊಂಡು ಬಂತು ಇವತ್ತು?" ಅನ್ನುವಂಥ ಒಂದು ಪ್ರಶ್ನೆ. ಇಲ್ಲಿ ಬಹಳ ಜನ ತಡವರಿಸುತ್ತಾರೆ. "ಎಲ್ಲಿಂದ ಶುರು ಮಾಡಬೇಕು ಗೊತ್ತಾಗ್ತಿಲ್ಲ ಮೇಡಂ" ಅನ್ನುತ್ತಾರೆ. ಅದನ್ನು ಹೇಳಿದರೇ ಸಾಕು, ಶುರುವಾದ ಹಾಗೇ. ನಿನ್ನೆ ಏನಾಯಿತು ಅಂತ ಹೇಳಬಹುದು. ಬರೆದುಕೊಂಡು ಬಂದು ಓದಬಹುದು. ಫೋನಿನಲ್ಲಿ ರಾತ್ರಿ ಮೂರು ಗಂಟೆಗೆ ಟೈಪ್ ಮಾಡಿ ಇಟ್ಟುಕೊಂಡಿದ್ದನ್ನು ತೋರಿಸುವವರೂ ಇದ್ದಾರೆ. ಅತ್ತರೆ ಪರವಾಗಿಲ್ಲ. ಅಳು ಬರದಿದ್ದರೂ ಪರವಾಗಿಲ್ಲ.

ನಿದ್ದೆ, ಊಟ, ಓದು, ಮನೆ, ಗೆಳೆಯರು, ಕುಡಿತ ಸಿಗರೇಟು ಇವುಗಳ ಬಗ್ಗೆ ಕೌನ್ಸೆಲರ್ ಕೇಳುತ್ತಾರೆ. ಸಾಯುವ ಯೋಚನೆ ಬಂದಿದೆಯಾ ಅಂತಲೂ ಕೇಳುತ್ತಾರೆ. ಇದನ್ನು ಎಲ್ಲರಿಗೂ ಕೇಳುತ್ತಾರೆ, ನಿಮ್ಮನ್ನು ನೋಡಿ ಏನೋ ಅಂದುಕೊಂಡರು ಅಂತ ಅಲ್ಲ. ಉತ್ತರ ಹೇಳಲು ಇಷ್ಟವಿಲ್ಲದ ಕಡೆ "ಇದು ಈಗ ಬೇಡ" ಅನ್ನಬಹುದು. ಒಂದು ಸೆಷನ್ ಸುಮಾರು 45 ರಿಂದ 50 ನಿಮಿಷ ಇರುತ್ತದೆ. ಕೊನೆಯ ಐದು ನಿಮಿಷದಲ್ಲಿ, ಮುಂದಿನ ಸಲದೊಳಗೆ ಏನು ಮಾಡಿ ನೋಡಬಹುದು ಅಂತ ಇಬ್ಬರೂ ಸೇರಿ ಗೊತ್ತುಮಾಡುತ್ತೀರಿ. ಬುದ್ಧಿವಾದ, ಭಾಷಣ ಇರಬಾರದು. ಇದ್ದರೆ ಅದು ಕೌನ್ಸೆಲಿಂಗ್ ಅಲ್ಲ.

ಅಪ್ಪ ಅಮ್ಮನಿಗೆ ಹೇಳ್ತೀರಾ? ಪ್ರಿನ್ಸಿಪಾಲ್‌ಗೆ ಗೊತ್ತಾಗುತ್ತಾ?

ಬಾಗಿಲವರೆಗೆ ಬಂದು ವಾಪಸ್ ಹೋಗುವವರನ್ನು ತಡೆಯುವುದು ಈ ಭಯವೇ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇವೆ.

ನಿಮಗೆ 18 ತುಂಬಿದ್ದರೆ, ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೆ, ಮೇಷ್ಟ್ರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಪ್ರಿನ್ಸಿಪಾಲರಿಗೆ ಹೇಳುವಂತಿಲ್ಲ. ಇದು ಬರೀ ಒಳ್ಳೆಯತನದ ಮಾತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್, ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ವಿವರ ಗುಟ್ಟಾಗಿರುವುದನ್ನು ಹಕ್ಕು ಅಂತಲೇ ಹೇಳಿದೆ. ಪ್ರಿನ್ಸಿಪಾಲರು "ಆ ಹುಡುಗಿ ಯಾಕೆ ಬಂದಿದ್ಲು?" ಅಂತ ಕೇಳಿದರೂ ಕೌನ್ಸೆಲರ್ ಉತ್ತರ ಕೊಡಬಾರದು. ಕಾಲೇಜಿಗೆ ಲೆಕ್ಕ ಕೊಡುವಾಗ ಈ ತಿಂಗಳು ಎಷ್ಟು ಜನ ಬಂದರು ಅನ್ನುವ ಸಂಖ್ಯೆ ಕೊಡಬಹುದು, ಹೆಸರು ಕೊಡುವ ಹಾಗಿಲ್ಲ.

ಫೀಸು ಕಟ್ಟುವವರು ನಾವು, ನಮಗೆ ಹೇಳಲೇಬೇಕು ಅಂತ ಕೆಲವು ತಂದೆತಾಯಿ ಫೋನ್ ಮಾಡುತ್ತಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೂ ಮಗ ಅಥವಾ ಮಗಳು ಒಪ್ಪಿದರೆ ಮಾತ್ರ, ಒಪ್ಪಿದಷ್ಟು ಮಾತ್ರ ಹೇಳುತ್ತೇವೆ.

ಗುಟ್ಟು ಮುರಿಯಲೇಬೇಕಾದ ಸಂದರ್ಭಗಳೂ ಇವೆ. ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಈಗಲೇ ಅಪಾಯ ಇದೆ ಅನ್ನಿಸಿದಾಗ. ನ್ಯಾಯಾಲಯ ಆದೇಶ ಮಾಡಿದಾಗ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದಾಗ, ಯಾಕೆಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಇಂಥ ಹೊತ್ತಿನಲ್ಲೂ ಯಾರಿಗೆ ಹೇಳುತ್ತೇವೆ, ಎಷ್ಟು ಹೇಳುತ್ತೇವೆ ಅಂತ ಸಾಧ್ಯವಾದಮಟ್ಟಿಗೆ ಮೊದಲು ನಿಮಗೇ ಹೇಳುತ್ತೇವೆ. ನಿಮ್ಮ ಬೆನ್ನ ಹಿಂದೆ ಮಾಡುವುದಿಲ್ಲ.

ಪಿಯುಸಿಯವರು, ಡಿಗ್ರಿ ಮೊದಲ ವರ್ಷದ ಕೆಲವರು ಇನ್ನೂ 17ರಲ್ಲೇ ಇರುತ್ತಾರೆ. ಅವರಿಗೆ ಚಿಕಿತ್ಸೆ ಮಾಡಬೇಕಾದರೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಹಾಗಂತ ನೀವು ಹೇಳಿದ ಪ್ರತಿ ಮಾತೂ ಮನೆಗೆ ಹೋಗುವುದಿಲ್ಲ. ಮನೆಯವರಿಗೆ ಏನು ಹೇಳೋಣ ಅಂತ ನಿಮ್ಮ ಜೊತೆ ಕೂತೇ ಯೋಚಿಸುತ್ತೇವೆ.

ಕಾಲೇಜಿನ ಕೋಣೆಗೆ ಹೋಗುವುದನ್ನು ಯಾರಾದರೂ ನೋಡಿಬಿಡುತ್ತಾರೆ ಅನ್ನುವ ಹೆದರಿಕೆ ಬೇರೆಯೇ. ಅದಕ್ಕೆ ನೀವು ಹೊಣೆಯಲ್ಲ, ಕಾಲೇಜು ಹೊಣೆ. ಆಫೀಸಿನ ಎದುರಿಗೇ ಕೌನ್ಸೆಲಿಂಗ್ ಅಂತ ದೊಡ್ಡ ಬೋರ್ಡ್ ಹಾಕಿ ಕೋಣೆ ಕೊಟ್ಟರೆ ಯಾರು ಬರುತ್ತಾರೆ? ಲೈಬ್ರರಿ ಕಡೆಗೋ, ಎನ್‌ಎಸ್‌ಎಸ್ ಕೋಣೆಯ ಪಕ್ಕಕ್ಕೋ ಇದ್ದರೆ ಸಲೀಸು. ಅಲ್ಲಿಗೂ ಹೋಗಲು ಮನಸ್ಸಿಲ್ಲದಿದ್ದರೆ ಫೋನಿನಲ್ಲಿ ಮಾತಾಡಬಹುದಾ, ಹೊರಗೆ ಯಾರನ್ನಾದರೂ ಸೂಚಿಸುತ್ತೀರಾ ಅಂತ ಮೆಸೇಜ್ ಮಾಡಿ ಕೇಳಿ.

ಟಿಸಿಯಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಬರೀತಾರಾ? ಮುಂದೆ ಕೆಲಸಕ್ಕೆ ತೊಂದರೆ ಆಗುತ್ತಾ?

ಬರೆಯುವುದಿಲ್ಲ. ಕೌನ್ಸೆಲಿಂಗ್ ಟಿಪ್ಪಣಿ ನಿಮ್ಮ ಕಾಲೇಜು ದಾಖಲೆಯ ಭಾಗವೇ ಅಲ್ಲ. ಪ್ಲೇಸ್‌ಮೆಂಟಿಗೆ ಬರುವ ಕಂಪನಿಗೆ ಅದು ಹೋಗುವ ದಾರಿಯೂ ಇಲ್ಲ.

ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎಲ್ಲ ಒಂದೇನಾ?

ಅಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಮುಗಿಸಿ ಆ ವಿಷಯದಲ್ಲೇ ಮೇಲೆ ಓದಿದವರು. ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಃಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಆದ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರುತ್ತಾರೆ. ಕೌನ್ಸೆಲರ್‌ಗಳು ಸಾಮಾನ್ಯವಾಗಿ ಮನಃಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ವಿದ್ಯಾರ್ಥಿಗಳ ದಿನನಿತ್ಯದ ತೊಡಕುಗಳಿಗೆ ಕೌನ್ಸೆಲರ್ ಸಾಕು. ಅದಕ್ಕಿಂತ ಹೆಚ್ಚಿನದು ಬೇಕು ಅನ್ನಿಸಿದಾಗ ಅವರೇ ಮುಂದಕ್ಕೆ ಕಳಿಸುತ್ತಾರೆ.

ನಿಮ್ಮ ಓದು ಏನು, ಎಲ್ಲಿ ತರಬೇತಿ ಆಯಿತು ಅಂತ ಕೇಳುವುದು ತಪ್ಪಲ್ಲ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿಬಂದ ಮೇಷ್ಟ್ರಿಗೆ ಕೌನ್ಸೆಲರ್ ಅಂತ ಹೆಸರು ಕೊಟ್ಟು ಕೂರಿಸುವ ಕಾಲೇಜುಗಳೂ ಇವೆ. ಆ ಮೇಷ್ಟ್ರು ಮನುಷ್ಯರಾಗಿ ತುಂಬಾ ಒಳ್ಳೆಯವರಿರಬಹುದು. ಆದರೆ ಬೆಳಿಗ್ಗೆ ನಿಮ್ಮ ಇಂಟರ್ನಲ್ಸ್ ಅಂಕ ಹಾಕುವವರ ಎದುರು ಸಂಜೆ ಮನಸ್ಸು ಬಿಚ್ಚುವುದು ಆಗದ ಮಾತು.

ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಂತೆ, ಚಟ ಆಗುತ್ತಂತೆ. ಹೌದಾ?

ಕೌನ್ಸೆಲಿಂಗ್‌ಗೆ ಬಂದವರಿಗೆಲ್ಲ ಮಾತ್ರೆ ಇಲ್ಲ. ಬೇಕಾದವರಿಗೆ ಮನೋವೈದ್ಯರು ಬರೆಯುತ್ತಾರೆ. ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಅವು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರೊಳಗೆ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರಾಗುವುದು ಇರಬಹುದು, ಹಾಗಾಗಿಯೇ ಎಷ್ಟೋ ಜನ ಮೊದಲ ವಾರದಲ್ಲೇ ಬಿಟ್ಟುಬಿಡುತ್ತಾರೆ. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ತಳಮಳ ಅಥವಾ ಸಾಯುವ ಯೋಚನೆ ಹೆಚ್ಚಾಗುತ್ತಿದೆಯಾ ಅಂತ ವಿಶೇಷವಾಗಿ ಗಮನಿಸಬೇಕು. ಹಾಗೇನಾದರೂ ಅನ್ನಿಸಿದರೆ ತಕ್ಷಣ ಡಾಕ್ಟರಿಗೆ ಹೇಳಿ. ವಾಸಿ ಅನ್ನಿಸಿದ ಕೂಡಲೇ ನೀವಾಗಿ ನಿಲ್ಲಿಸಬೇಡಿ. ನಿಧಾನವಾಗಿ ಕಡಿಮೆ ಮಾಡುತ್ತಾ ಬರಬೇಕು.

ಚಟದ ಮಾತು ಎಲ್ಲಿಂದ ಬಂತು ಅಂದರೆ, ನಿದ್ದೆಗೆ ಮತ್ತು ಆತಂಕಕ್ಕೆ ಕೊಡುವ ಬೇರೆ ಒಂದು ಬಗೆಯ ಮಾತ್ರೆಗಳಿಗೆ ದೇಹ ಒಗ್ಗಿಕೊಳ್ಳುತ್ತದೆ. ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಗೆಳೆಯನ ಚೀಟಿಯಲ್ಲಿ ಮೆಡಿಕಲ್ ಶಾಪಿನಿಂದ ತಂದು ನುಂಗುವುದು ಬೇಡ. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲ್‌ಗಳಲ್ಲಿ ಇದು ನಡೆಯುತ್ತದೆ, ಅದಕ್ಕೇ ಹೇಳುತ್ತಿದ್ದೇವೆ.

ನಾನು ಕನ್ನಡ ಮೀಡಿಯಂನಿಂದ ಬಂದವಳು. ಇಂಗ್ಲಿಷ್‌ನಲ್ಲಿ ಮಾತಾಡೋಕೆ ಬರಲ್ಲ.

ಬರುವುದು ಬೇಡ. ನಿಮಗೆ ಅಳು, ಸಿಟ್ಟು, ಭಯ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಮಾತಾಡಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಯಾವುದಾದರೂ ಆಗಲಿ. ತುಳು, ಉರ್ದು, ಕೊಂಕಣಿ, ಲಂಬಾಣಿ ಬಲ್ಲ ಕೌನ್ಸೆಲರ್ ಬೇಕಿದ್ದರೆ ಇದ್ದಾರಾ ಅಂತ ಕೇಳಿ ನೋಡಿ.

ಇದರ ಒಳಗೆ ಇನ್ನೊಂದು ವಿಷಯ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಫಸ್ಟ್ ಬಂದ ಹುಡುಗಿ, ಪಿಯುಸಿ ಸೈನ್ಸ್‌ಗೋ ಇಂಜಿನಿಯರಿಂಗ್‌ಗೋ ಸೇರಿದ ಮೊದಲ ತಿಂಗಳಲ್ಲೇ ಕೊನೆಯ ಬೆಂಚಿಗೆ ಹೋಗಿ ಕೂರುತ್ತಾಳೆ. ಪಾಠ ಅರ್ಥವಾಗುವುದಿಲ್ಲ. ಕೇಳಲು ಇಂಗ್ಲಿಷ್ ಬೇಕು, ಕೇಳಿದರೆ ನಗುತ್ತಾರೆ ಅನ್ನುವ ಭಯ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಬೀಳುತ್ತದೆ. "ನಾನು ದಡ್ಡಿ" ಅನ್ನುವ ತೀರ್ಮಾನಕ್ಕೆ ಬರಲು ಅಲ್ಲಿಂದ ಹೆಚ್ಚು ದಿನ ಬೇಡ. ಇದು ಬುದ್ಧಿಯ ಕೊರತೆ ಅಲ್ಲವೇ ಅಲ್ಲ. ಒಂದೇ ಸಲಕ್ಕೆ ಭಾಷೆಯನ್ನೂ ವಿಷಯವನ್ನೂ ಕಲಿಯುತ್ತಿದ್ದಾಳೆ, ಪಕ್ಕದವರು ವಿಷಯ ಒಂದನ್ನೇ ಕಲಿಯುತ್ತಿದ್ದಾರೆ. ಇಂಥವರ ಜೊತೆ ನಾವು ಮನಸ್ಸಿನ ಮಾತಷ್ಟೇ ಆಡುವುದಿಲ್ಲ. ಅದೇ ದಾರಿಯಲ್ಲಿ ಬಂದ ಸೀನಿಯರ್ ಒಬ್ಬರನ್ನು ಪರಿಚಯ ಮಾಡಿಸುವುದು, ಕನ್ನಡದಲ್ಲೇ ಡೌಟ್ ಕೇಳಲು ಬಿಡುವ ಮೇಷ್ಟ್ರು ಯಾರು ಅಂತ ಹುಡುಕುವುದು, ದಿನಕ್ಕೆ ಇಷ್ಟು ಪದ ಅಂತ ಪಟ್ಟಿ ಮಾಡಿಸುವುದು. ಕೌನ್ಸೆಲಿಂಗ್‌ನ ಅರ್ಧ ಕೆಲಸ ಎಷ್ಟೋ ಸಲ ಇಂಥದ್ದೇ.

ಎಷ್ಟು ದುಡ್ಡಾಗುತ್ತೆ? ಹೊರಗೆ ಎಲ್ಲಿ ಸಿಗುತ್ತೆ?

ಕಾಲೇಜಿನ ಕೌನ್ಸೆಲಿಂಗ್‌ಗೆ ಸಾಮಾನ್ಯವಾಗಿ ದುಡ್ಡು ತಗೊಳ್ಳುವುದಿಲ್ಲ. ಹೊರಗೆ ಖಾಸಗಿಯಾಗಿ ಹೋಗುವುದಾದರೆ ಒಂದು ಸೆಷನ್‌ಗೆ ಎಷ್ಟು, ವಿದ್ಯಾರ್ಥಿಗಳಿಗೆ ಕಡಿಮೆ ಮಾಡುತ್ತೀರಾ ಅಂತ ಫೋನಿನಲ್ಲೇ ಕೇಳಿಕೊಂಡು ಹೋಗಿ. ಸಂಕೋಚ ಬೇಡ.

ಸರ್ಕಾರಿ ವ್ಯವಸ್ಥೆ ಜನ ಅಂದುಕೊಂಡಿದ್ದಕ್ಕಿಂತ ಹತ್ತಿರದಲ್ಲೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ಜಿಲ್ಲೆಯಲ್ಲಿ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಯೋಜನೆಯನ್ನು ಮಂಗಳವಾರದ ಕ್ಲಿನಿಕ್ ಆಗಿ ಶುರು ಮಾಡಿದ್ದು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಬರುತ್ತಾರೆ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಇಡೀ ದೇಶದಲ್ಲಿ 1996ರಲ್ಲಿ ಶುರುವಾದ ಈ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದು ಅಂತ ಮಾಡಿ ತೋರಿಸಿದ್ದರು.

ದೊಡ್ಡ ಆಸ್ಪತ್ರೆ ಅಂದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಕಾಯಿಲೆ ಅನ್ನುವಂಥದ್ದೇನಿಲ್ಲ, ಒತ್ತಡ, ಓದು, ಸಂಬಂಧಗಳ ತೊಂದರೆ ಅನ್ನುವವರಿಗಾಗಿ ನಿಮ್ಹಾನ್ಸ್ ಬಿಟಿಎಂ ಲೇಔಟ್‌ನಲ್ಲಿ ಬೇರೆಯೇ ಒಂದು ಕೇಂದ್ರ ತೆರೆದಿದೆ. ಮುಖ್ಯ ಆಸ್ಪತ್ರೆಯ ಗೇಟು ನೋಡಿದರೇ ಹೆದರುವವರಿಗೆ ಅಲ್ಲಿ ಸಲೀಸು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ, ಯುವಜನರಿಗೆ ಮಾರ್ಗದರ್ಶನ ಕೊಡುವ ಯುವ ಸ್ಪಂದನ ಕಾರ್ಯಕ್ರಮದ ಬಗ್ಗೆಯೂ ಜಿಲ್ಲಾ ಕೇಂದ್ರದಲ್ಲಿ ಕೇಳಿ ನೋಡಿ. ಮನೆಯವರು ಆರೋಗ್ಯ ವಿಮೆ ಮಾಡಿಸಿದ್ದರೆ, ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ.

ನಾಲ್ಕು ಬ್ಯಾಕ್‌ಲಾಗ್ ಇದೆ. ಕೌನ್ಸೆಲಿಂಗ್‌ನಿಂದ ಬ್ಯಾಕ್‌ಲಾಗ್ ಕ್ಲಿಯರ್ ಆಗುತ್ತಾ?

ಬ್ಯಾಕ್‌ಲಾಗ್ ಅನ್ನು ನೀವೇ ಕ್ಲಿಯರ್ ಮಾಡಬೇಕು. ಆದರೆ ನಾಲ್ಕು ಬ್ಯಾಕ್‌ಲಾಗ್ ಇರುವವರು ಬಹಳ ಸಲ ಓದದೆ ಇರುವುದು ಸೋಮಾರಿತನದಿಂದಲ್ಲ, ಪುಸ್ತಕ ತೆಗೆದರೆ ಬರುವ ಭಯದಿಂದ. ಭಯಕ್ಕೆ ಪುಸ್ತಕ ಮುಚ್ಚಿ ರೀಲ್ಸ್ ನೋಡುವುದು, ಹೊತ್ತು ಹೋದದ್ದಕ್ಕೆ ಇನ್ನಷ್ಟು ಭಯ. ಮನೆಗೆ "ಎಲ್ಲಾ ಪಾಸ್" ಅಂತ ಹೇಳಿಬಿಟ್ಟಿದ್ದರೆ ಅದರ ಭಾರ ಬೇರೆ. ಆ ಸುಳ್ಳನ್ನು ಹೇಗೆ ಬಿಚ್ಚಿಡುವುದು ಅಂತ ಯೋಚಿಸುವುದಕ್ಕೆ ಪೂರ್ತಿ ಒಂದು ಸೆಷನ್ ಬೇಕಾಗುತ್ತದೆ. ಯಾವ ಸಬ್ಜೆಕ್ಟ್ ಮೊದಲು, ದಿನಕ್ಕೆ ಎಷ್ಟು ಹೊತ್ತು ಅನ್ನುವುದು ಆಮೇಲೆ. ಸುಳ್ಳಿನ ಭಾರ ಇಳಿದ ಮೇಲೆ ಓದು ತಾನಾಗಿ ಸ್ವಲ್ಪ ಮುಂದೆ ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇವೆ.

ಗೆಳೆಯ ಒಬ್ಬ "ಸಾಕಾಗಿದೆ, ಇರಬಾರದು ಅನ್ಸುತ್ತೆ" ಅಂತಿದ್ದಾನೆ. ಸುಮ್ನೆ ಹೇಳ್ತಿದ್ದಾನಾ?

ಸುಮ್ನೆ ಅಂದುಕೊಳ್ಳಲೇಬೇಡಿ. ಹೇಳುವವರು ಮಾಡುವುದಿಲ್ಲ ಅನ್ನುವುದು ಸುಳ್ಳು ನಂಬಿಕೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವುದೂ ಅಷ್ಟೇ ಸುಳ್ಳು. ನೇರವಾಗಿ ಕೇಳಬಹುದು, ಕೇಳಬೇಕು. ಒಬ್ಬನೇ ಇದ್ದಾಗ, ಹೀಗೆ:

"ಲೇ, ಒಂದು ವಾರದಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ, ಕ್ಲಾಸಿಗೂ ಬರ್ತಿಲ್ಲ. ನಂಗೆ ಭಯ ಆಗ್ತಿದೆ ಕಣೋ. ಸಾಯೋ ಯೋಚನೆ ಏನಾದ್ರೂ ಬರ್ತಿದ್ಯಾ?"

ಹೌದು ಅಂದರೆ ಗಾಬರಿಯಾಗಿ "ಥೂ, ಹಂಗೆಲ್ಲ ಅನ್ಬೇಡ, ಅಪ್ಪ ಅಮ್ಮನ ನೆನೆಸ್ಕೋ" ಅನ್ನಬೇಡಿ. ಅವನಿಗೆ ಅಪ್ಪ ಅಮ್ಮ ನೆನಪಿರುತ್ತಾರೆ. ಅವರಿಗೆ ಭಾರವಾಗಿದ್ದೇನೆ ಅಂತಲೇ ಎಷ್ಟೋ ಸಲ ಅನ್ನಿಸಿರುತ್ತದೆ. "ಹೇಳಿದ್ದು ಒಳ್ಳೇದಾಯ್ತು. ಎಷ್ಟು ದಿನದಿಂದ?" ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಹೇಗೆ, ಯಾವಾಗ ಅಂತ ಅವನು ಯೋಚಿಸಿ ಇಟ್ಟಿದ್ದರೆ ಅಪಾಯ ಹತ್ತಿರ ಇದೆ ಅಂತ ಅರ್ಥ. ಆಗ ಅವನನ್ನು ಒಬ್ಬನೇ ಬಿಡಬೇಡಿ. ಅಪಾಯ ಮಾಡಿಕೊಳ್ಳಬಹುದಾದ ವಸ್ತುಗಳನ್ನು ದೂರ ಇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ. ವಾರ್ಡನ್‌ಗೋ ಕೌನ್ಸೆಲರ್‌ಗೋ ಅವನು ನಂಬುವ ಮೇಷ್ಟ್ರಿಗೋ ಆ ರಾತ್ರಿಯೇ ಹೇಳಿ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂತ ಅವನು ಕೇಳಬಹುದು. ಆ ಆಣೆ ಮಾಡಬೇಡಿ. "ಕ್ಲಾಸಿನವರಿಗೆ ಯಾರಿಗೂ ಹೇಳಲ್ಲ. ಆದ್ರೆ ಇದನ್ನ ನಾವಿಬ್ಬರೇ ಹೊರೋಕಾಗಲ್ಲ, ಒಬ್ಬರಿಗೆ ಹೇಳೋಣ" ಅನ್ನಿ. ಅವನು ಸಿಟ್ಟಾದರೂ ಆಗಲಿ. ಕೆಲವು ದಿನ ಮಾತು ಬಿಟ್ಟರೂ ಬಿಡಲಿ.

ನಿಮ್ಮನ್ನೂ ನೋಡಿಕೊಳ್ಳಿ. ಗೆಳೆಯನ ಕಾವಲಿಗೆ ರಾತ್ರಿಯಿಡೀ ಎದ್ದಿದ್ದು ನೀವೇ ಕುಸಿದು ಹೋಗುವುದು ಬೇಡ. ನಿಮ್ಮ ಪಾಲಿನ ಕೆಲಸ ದೊಡ್ಡವರಿಗೆ ತಲುಪಿಸುವುದು. ಚಿಕಿತ್ಸೆ ಮಾಡುವುದು ನಿಮ್ಮ ಕೆಲಸ ಅಲ್ಲ.

ಸಾಯೋಕೆ ಯತ್ನಿಸಿದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸ್ ಕೇಸ್ ಆಗುತ್ತೆ ಅಂತಾರೆ?

ಈ ಭಯಕ್ಕೆ ಆಸ್ಪತ್ರೆಗೆ ತಡವಾಗಿ ಕರೆದೊಯ್ಯುವುದು ತುಂಬಾ ನೋವಿನ ವಿಷಯ. 2017ರ ಕಾಯ್ದೆಯ 115ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರನ್ನು ವಿಚಾರಣೆ ಮಾಡಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ, ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಅವರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಅದನ್ನು ನೋಡಿ ಹೆದರಬೇಡಿ. ಮೊದಲು ಆಸ್ಪತ್ರೆಗೆ ಹೋಗಿ.

ಸೀನಿಯರ್ಸ್ ಕಾಟ ಕೊಡ್ತಾರೆ, ಜಾತಿ ಹಿಡಿದು ಆಡಿಕೊಳ್ತಾರೆ. ಕೌನ್ಸೆಲಿಂಗ್ ತಗೊಂಡ್ರೆ ಸರಿಹೋಗುತ್ತಾ?

ನಿಮ್ಮ ಮನಸ್ಸಿಗೆ ಆದ ಗಾಯಕ್ಕೆ ಕೌನ್ಸೆಲಿಂಗ್ ಆಸರೆ ಆಗುತ್ತದೆ. ಆದರೆ ತಪ್ಪು ಮಾಡುತ್ತಿರುವವರು ಹೊರಗಿದ್ದಾರೆ. ಅದನ್ನು ಬಿಟ್ಟು ನಿಮ್ಮನ್ನು "ಸ್ವಲ್ಪ ಗಟ್ಟಿಯಾಗು" ಅಂತ ಕಳಿಸುವುದನ್ನು ನಾವು ಒಪ್ಪುವುದಿಲ್ಲ. ರ‍್ಯಾಗಿಂಗ್ ಆದರೆ ಯುಜಿಸಿಯ ಸಹಾಯವಾಣಿ 1800-180-5522ಕ್ಕೆ ದೂರು ಕೊಡಬಹುದು, ಕಾಲೇಜಿನ ರ‍್ಯಾಗಿಂಗ್ ವಿರೋಧಿ ಸಮಿತಿಗೂ ಕೊಡಬಹುದು. ಲೈಂಗಿಕ ಕಿರುಕುಳಕ್ಕೆ ಕಾಲೇಜಿನ ಆಂತರಿಕ ದೂರು ಸಮಿತಿ ಇದೆ. ಜಾತಿ ನಿಂದನೆಗೆ ಎಸ್‌ಸಿ ಎಸ್‌ಟಿ ಸೆಲ್ ಮತ್ತು ಕಾನೂನು ಎರಡೂ ಇವೆ. ದೂರು ಬರೆಯುವಾಗ ಜೊತೆಗೆ ಕೂರಬೇಕಾ, ಸಮಿತಿ ಮುಂದೆ ಹೋಗುವ ದಿನ ಬಾಗಿಲವರೆಗೆ ಬರಬೇಕಾ, ಕೌನ್ಸೆಲರ್‌ನ ಕೇಳಿ.

(ತಂದೆತಾಯಿಯರ ಪ್ರಶ್ನೆ) ಮಗಳು ಕೌನ್ಸೆಲಿಂಗ್‌ಗೆ ಹೋಗ್ತಿದ್ದಾಳಂತೆ. ನಾವು ಏನು ಕಡಿಮೆ ಮಾಡಿದ್ವಿ?

ಏನೂ ಕಡಿಮೆ ಮಾಡಿರಬೇಕಾಗಿಲ್ಲ. ಅವಳು ಹೋಗುತ್ತಿರುವುದು ನಿಮ್ಮ ಮೇಲೆ ದೂರು ಹೇಳುವುದಕ್ಕಲ್ಲ. ಕಷ್ಟ ಬಂದಾಗ ಸಹಾಯ ಕೇಳುವ ಧೈರ್ಯ ಅವಳಿಗಿದೆ, ಅದರಲ್ಲಿ ನಿಮ್ಮ ಪಾಲೂ ಇದೆ. "ಅಲ್ಲಿ ಏನು ಹೇಳಿದೆ?" ಅಂತ ಕೆದಕಬೇಡಿ. "ಸ್ವಲ್ಪ ಹಗುರ ಅನ್ಸುತ್ತಾ ಪುಟ್ಟಿ? ನಮ್ಮಿಂದ ಏನಾದ್ರೂ ಆಗಬೇಕಾ?" ಅಂತ ಕೇಳಿ. ಪಕ್ಕದ ಮನೆಯವರ ಮಗನ ಪ್ಯಾಕೇಜ್ ಎಷ್ಟು ಅನ್ನುವ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗಬೇಕು ಅನ್ನಿಸಿದರೆ, ಅವಳಿಗೂ ಮನಸ್ಸಿದ್ದರೆ ಹೋಗಿಬನ್ನಿ. ಪೂಜೆಯೂ ನಡೆಯಲಿ, ಚಿಕಿತ್ಸೆಯೂ ನಡೆಯಲಿ. ಆದರೆ ಹೊಡೆದು ಬಡಿದು, ಉಪವಾಸ ಕೆಡವಿ ಬಿಡಿಸುತ್ತೇವೆ ಅನ್ನುವವರ ಕೈಗೆ ಮಕ್ಕಳನ್ನು ಕೊಡಬೇಡಿ. ಮಾತ್ರೆ ನಿಲ್ಲಿಸಿ ಅನ್ನುವವರ ಮಾತನ್ನೂ ಕೇಳಬೇಡಿ.

ಎಷ್ಟು ಸಲ ಬರಬೇಕು? ಕೌನ್ಸೆಲರ್ ಇಷ್ಟ ಆಗದಿದ್ರೆ?

ಕೆಲವರಿಗೆ ಎರಡು ಮೂರು ಸಲ ಸಾಕು. ಕೆಲವರಿಗೆ ಒಂದು ಸೆಮಿಸ್ಟರ್ ಬೇಕಾಗುತ್ತದೆ. ಮೊದಲ ಭೇಟಿಯಲ್ಲೇ ಎಲ್ಲಾ ಹೊಂದಿಕೊಳ್ಳುವ ಹಾಗಿಲ್ಲ, ಎರಡು ಮೂರು ಸಲ ನೋಡಿ. ಆಮೇಲೂ ಮಾತು ಬರುತ್ತಿಲ್ಲ ಅಂದರೆ ಬೇರೆಯವರನ್ನು ಸೂಚಿಸಿ ಅಂತ ಕೇಳಿ. ಒಳ್ಳೆಯ ಕೌನ್ಸೆಲರ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮ್ಮ ಪ್ರೀತಿ, ಧರ್ಮ, ಜಾತಿ, ಬಟ್ಟೆ, ನೀವು ಯಾರನ್ನು ಇಷ್ಟಪಡುತ್ತೀರಿ ಅನ್ನುವುದನ್ನು ಹೀಗಳೆದರೆ ಮಾತ್ರ ಎರಡನೇ ಸಲಕ್ಕೆ ಕಾಯಬೇಡಿ, ಬಿಟ್ಟುಬಿಡಿ.

ರಾತ್ರಿ ಎರಡು ಗಂಟೆಗೆ ಎಐ ಜೊತೆ ಮಾತಾಡ್ತೀನಿ. ಅದು ಸಾಕಲ್ವಾ?

ಮನಸ್ಸಿನಲ್ಲಿರುವುದನ್ನು ಅಕ್ಷರಕ್ಕೆ ಇಳಿಸುವ ಅಭ್ಯಾಸಕ್ಕೆ ಪರವಾಗಿಲ್ಲ. ಆದರೆ ನಿಮ್ಮ ಮುಖ ಬಾಡಿದ್ದು, ಒಂದು ತಿಂಗಳಲ್ಲಿ ಸೊರಗಿದ್ದು ಅದಕ್ಕೆ ಕಾಣುವುದಿಲ್ಲ. ಅಪಾಯ ಬಂದರೆ ಎದ್ದು ನಿಮ್ಮ ರೂಮಿಗೆ ಬರಲು ಅದಕ್ಕೆ ಆಗುವುದಿಲ್ಲ. ಅಲ್ಲಿ ಬರೆದಿದ್ದನ್ನೇ ಹಿಡಿದುಕೊಂಡು ಬೆಳಿಗ್ಗೆ ಒಬ್ಬ ಮನುಷ್ಯರ ಹತ್ತಿರ ಬನ್ನಿ. ಆ ರಾತ್ರಿಯೇ ಬೇಕಿದ್ದರೆ 14416 ಇದೆ.

ನಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಅನ್ನೋರೇ ಇಲ್ಲ. ಏನು ಮಾಡೋದು?

ಕೇಳಿ. ಕೇಳುವ ಹಕ್ಕು ನಿಮಗಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜಕಾರ್ಯಕರ್ತರನ್ನಾದರೂ ಇಟ್ಟುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಂಡಿರಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿ ನಂಬರುಗಳನ್ನು ಹಾಸ್ಟೆಲ್, ಕ್ಲಾಸ್‌ರೂಮ್, ಎಲ್ಲರೂ ಓಡಾಡುವ ಜಾಗ ಮತ್ತು ವೆಬ್‌ಸೈಟಿನಲ್ಲಿ ದೊಡ್ಡದಾಗಿ ಕಾಣುವಂತೆ ಹಾಕಬೇಕು. ವರ್ಷಕ್ಕೆ ಎರಡು ಸಲವಾದರೂ ಸಿಬ್ಬಂದಿಗೆ ತರಬೇತಿ ಆಗಬೇಕು.

ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ. ಒಬ್ಬರ ಹೆಸರಿನಲ್ಲಿ ಬೇಡ, ಕ್ಲಾಸಿನವರೆಲ್ಲ ಸಹಿ ಹಾಕಿ. "ನಮ್ಮ ಕಾಲೇಜಿಗೆ ತರಬೇತಿ ಪಡೆದ ಕೌನ್ಸೆಲರ್ ಒಬ್ಬರನ್ನು ನೇಮಿಸಬೇಕು, ಅಲ್ಲಿಯವರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಿಂಗಳಿಗೆ ಒಂದು ದಿನವಾದರೂ ಬರುವಂತೆ ಪತ್ರ ಬರೆಯಬೇಕು, 14416 ನಂಬರನ್ನು ಹಾಸ್ಟೆಲ್‌ನ ಪ್ರತಿ ಮಹಡಿಯಲ್ಲಿ ಹಾಕಬೇಕು" ಅಂತ ಮೂರೇ ವಿಷಯ ಕೇಳಿ. ಅರ್ಜಿ ಕೊಟ್ಟು ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಮೂರನೆಯದಕ್ಕೆ ಒಂದು ಪ್ರಿಂಟ್‌ಔಟ್ ಮತ್ತು ಅಂಟಿಸಲು ಟೇಪ್ ಸಾಕು. ಉತ್ತರ ಬರುವವರೆಗೆ ಕಾಯದೆ ನಾಳೆಯೇ ನೀವೇ ಅಂಟಿಸಬಹುದು.